ಮದುವೆಯಾಗದ ಭಾವ ಮತ್ತು ಮೂರು ತಾಲೂಕಿನ ಆಲ್ಬಮ್ಮುಗಳು

ಮದುವೆ ಮನೆಗೆ ಕ್ಯಾಮೆರಾ ಹೊತ್ತು ಹೋದವನು ಏನೂ ಎಡವಟ್ಟಾಗದೆ ಮನೆಗೆ ಬಂದ ದಿನ ಅಂತ ಒಂದಿಲ್ಲ. ಬೇರೆ ಕಸುಬಿನಲ್ಲಿ ತಪ್ಪಾದರೆ ತಿದ್ದಬಹುದು. ಬಡಗಿ ಬಾಗಿಲನ್ನು ಮೋಟು ಮಾಡಿದರೆ ಕೆಳಗೊಂದು ಪಟ್ಟಿ ಹೊಡೆಯುತ್ತಾನೆ. ಅಡುಗೆ ಭಟ್ಟರು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಒಂದು ಚೊಂಬು ನೀರು ಹೊಯ್ಯುತ್ತಾರೆ. ನಾವು ಧಾರೆಯ ಫೋಟೊ ತಪ್ಪಿಸಿದೆವು ಅಂತಿಟ್ಟುಕೊಳ್ಳಿ, ಇನ್ನೊಮ್ಮೆ ಧಾರೆ ಎರೆದುಕೊಡಿ ಅಂತ ಯಾವ ಮಾವನನ್ನು ಕೇಳುವುದು?

ನಾನು ಹೇಳುತ್ತಿರುವುದು ರೀಲಿನ ಕಾಲದ ಮಾತು. ಶಿರಸಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಮದುವೆಯಾದರೂ ತೆಗೆದ ರೀಲುಗಳನ್ನು ಕವರಿನಲ್ಲಿ ಕಟ್ಟಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಗೆ ಕೊಡುವುದು. ಅಲ್ಲಿಯ ಲ್ಯಾಬಿನಲ್ಲಿ ತೊಳೆದು ಪ್ರಿಂಟು ಹಾಕಿ ಅದೇ ಬಸ್ಸಿಗೆ ಕಳಿಸುತ್ತಿದ್ದರು. ಆ ಪ್ಯಾಕೆಟ್ಟು ಬರುವ ತನಕ ನನಗೆ ಊಟ ರುಚಿಸುತ್ತಿರಲಿಲ್ಲ. ಬಂದ ಕೂಡಲೆ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಹರಿಯುತ್ತಿದ್ದೆ, ಮೊದಲು ಧಾರೆಯ ಫೋಟೊ ಹುಡುಕುತ್ತಿದ್ದೆ, ಅದು ಸರಿಯಾಗಿ ಬಂದಿದೆ ಅಂತ ಕಂಡ ಮೇಲೆಯೇ ಉಸಿರು ಬಿಡುತ್ತಿದ್ದೆ. ಈಗಿನವರು ಒತ್ತಿದ ಕೂಡಲೆ ಹಿಂದಿನ ಪರದೆಯಲ್ಲಿ ನೋಡಿಬಿಡುತ್ತಾರೆ. ಅವರಿಗೆ ನನ್ನ ಆ ಸುಖ ಗೊತ್ತಿಲ್ಲ.

ನನ್ನ ಜೊತೆಗಾರ ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ನಾನು ಫೋಟೊ ತೆಗೆದರೆ ಅವನು ಬದಿಗೆ ನಿಂತು ಎರಡನೆಯ ಫ್ಲ್ಯಾಶ್ ಹಿಡಿಯುತ್ತಿದ್ದ. ಅದಕ್ಕೆ ವಯರಿಲ್ಲ, ಒಂದು ಕಣ್ಣಿದೆ. ನನ್ನ ಫ್ಲ್ಯಾಶ್ ಹೊತ್ತಿದ್ದು ಕಂಡ ಕೂಡಲೆ ಅದೂ ಹೊತ್ತುತ್ತದೆ. ಊರಿನವರ ಮದುವೆಗೆಲ್ಲ ಬೆಳಕು ಹಿಡಿದ ಈ ಭಾವನಿಗೆ ಮೂವತ್ತೈದು ದಾಟಿದರೂ ಮದುವೆಯಾಗಿರಲಿಲ್ಲ. ಹುಡುಗ ಏನು ಮಾಡುತ್ತಾನೆ ಅಂತ ಹೆಣ್ಣಿನ ಅಪ್ಪಂದಿರು ಕೇಳುತ್ತಿದ್ದರು. ಮದುವೆ ಮನೆಯಲ್ಲಿ ಲೈಟು ಹಿಡಿಯುತ್ತಾನೆ ಅಂದರೆ ಮಾತು ಈ ವರ್ಷದ ಬಿಸಿಲಿನ ಕಡೆಗೆ ಹೊರಳುತ್ತಿತ್ತು.

ನಾನು ಮದುವೆ ಮುಗಿಸಿ ಬಂದರೆ ನನ್ನ ಹೆಂಡತಿ ಫೋಟೊ ಹೇಗಾಯಿತು ಅಂತ ಒಂದು ದಿನವೂ ಕೇಳಿದವಳಲ್ಲ. ಅಣ್ಣನ ಬಗ್ಗೆ ಯಾರಾದರೂ ವಿಚಾರಿಸಿದರಾ ಅಂತಲೇ ಕೇಳುವುದು. ಹೀಗೆ ನಮ್ಮ ಮನೆಯಲ್ಲಿ ಎರಡು ಚಿಂತೆ ಇದ್ದವು. ಫೋಟೊ ಬರುತ್ತದೋ ಇಲ್ಲವೋ ಅನ್ನುವುದು ಒಂದು, ಭಾವನಿಗೆ ಹೆಣ್ಣು ಸಿಗುತ್ತದೋ ಇಲ್ಲವೋ ಅನ್ನುವುದು ಇನ್ನೊಂದು. ಮೊದಲನೆಯದು ಹುಬ್ಬಳ್ಳಿ ಬಸ್ಸು ಬಂದ ಕೂಡಲೆ ಬಗೆಹರಿಯುತ್ತಿತ್ತು. ಎರಡನೆಯದಕ್ಕೆ ಯಾವ ಬಸ್ಸೂ ಇರಲಿಲ್ಲ.

ತೆರೆಯ ಆಚೆ ಒಬ್ಬ, ಈಚೆ ಒಬ್ಬ

ಸಿದ್ದಾಪುರದ ಕಡೆಯ ಒಂದು ಮದುವೆ. ನಾವು ಹೆಣ್ಣಿನ ಕಡೆಯ ಫೋಟೊದವರು. ಗಂಡಿನ ಕಡೆಯವರೂ ತಮ್ಮದೇ ಒಬ್ಬ ಫೋಟೊಗ್ರಾಫರನನ್ನು ಕರೆತಂದಿದ್ದಾರೆ ಅನ್ನುವುದು ಚಪ್ಪರಕ್ಕೆ ಹೋದ ಮೇಲೆ ಗೊತ್ತಾಯಿತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಕ್ಯಾಮೆರಾ ಒರೆಸಿಕೊಂಡೆವು. ಮಾತಾಡಲಿಲ್ಲ. ಅದೇ ಮೊದಲನೆಯ ತಪ್ಪು.

ಬೆಳಗಿನಿಂದಲೇ ಒಂದು ವಿಚಿತ್ರ ಶುರುವಾಯಿತು. ಅವನು ಫೋಟೊ ಒತ್ತಿದಾಗಲೆಲ್ಲ ನಮ್ಮ ಭಾವನ ಕೈಯಲ್ಲಿದ್ದ ಫ್ಲ್ಯಾಶೂ ಹೊತ್ತುತ್ತಿತ್ತು. ಅದರ ಕಣ್ಣಿಗೆ ನಮ್ಮವರು, ಪರರು ಅಂತ ಭೇದವಿಲ್ಲವಲ್ಲ. ಹೀಗೆ ಗಂಡಿನ ಕಡೆಯ ಫೋಟೊಗಳಿಗೆಲ್ಲ ನಮ್ಮ ಬ್ಯಾಟರಿ ಉರಿಯುತ್ತಿತ್ತು. ಫ್ಲ್ಯಾಶ್ ಆರಿಸಿ ಇಟ್ಟುಕೊ, ನಾನು ಕಣ್ಣು ಮಿಟುಕಿಸಿದಾಗ ಹಾಕು ಅಂತ ಭಾವನಿಗೆ ಹೇಳಿದೆ. ನಾನು ಹೋಮದ ಹೊಗೆಗೆ ಕಣ್ಣು ಮಿಟುಕಿಸಿದಾಗಲೆಲ್ಲ ಅವನು ಹಾಕುತ್ತಿದ್ದ, ಆರಿಸುತ್ತಿದ್ದ.

ಮುಹೂರ್ತ ಬಂತು. ನಮ್ಮ ಕಡೆ ವಧೂವರರ ನಡುವೆ ಒಂದು ತೆರೆ ಹಿಡಿಯುತ್ತಾರೆ. ಭಟ್ಟರು ಮಂಗಳಾಷ್ಟಕ ಹೇಳಿ ಮುಗಿಸಿದ ಕೂಡಲೆ ಅದನ್ನು ಸರಿಸುತ್ತಾರೆ, ಇಬ್ಬರೂ ಮುಖ ನೋಡಿಕೊಳ್ಳುತ್ತಾರೆ, ಜೀರಿಗೆ ಬೆಲ್ಲ ಹಾಕಿಕೊಳ್ಳುತ್ತಾರೆ. ಒಂದೇ ಕ್ಷಣದ ಕೆಲಸ. ಮದುಮಗಳ ಮುಖ ಬೇಕೆಂದು ನಾನು ಮದುಮಗನ ಬೆನ್ನ ಹಿಂದೆ ನಿಂತೆ. ಮದುಮಗನ ಮುಖ ಬೇಕೆಂದು ಅವನು ಮದುಮಗಳ ಬೆನ್ನ ಹಿಂದೆ ನಿಂತ. ನಡುವೆ ತೆರೆ ಇದ್ದಿದ್ದರಿಂದ ಅವನು ನನಗೆ ಕಾಣಲಿಲ್ಲ, ನಾನು ಅವನಿಗೆ ಕಾಣಲಿಲ್ಲ. ತೆರೆ ಸರಿಯಿತು, ಇಬ್ಬರೂ ಒತ್ತಿದೆವು.

ಪ್ಯಾಕೆಟ್ಟು ಬಂದಾಗ ನೋಡುತ್ತೇನೆ, ಮದುಮಗಳ ತಲೆಯ ಹಿಂದೆ ಅವನ ಫ್ಲ್ಯಾಶು ದೇವರ ಫೋಟೊದ ಪ್ರಭಾವಳಿಯ ಹಾಗೆ ಹೊಳೆಯುತ್ತಿದೆ. ಮದುಮಗನದು ಬರೀ ಹಿಂತಲೆ. ಅವನ ಊರು ಹುಡುಕಿಕೊಂಡು ಹೋದರೆ ಅವನೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನ ಫೋಟೊದಲ್ಲಿ ಮದುಮಗ ಚೆನ್ನಾಗಿ ಬಂದಿದ್ದ, ಮದುಮಗಳದು ಬರೀ ಜಡೆ. ಮದುಮಗನ ಭುಜದ ಹಿಂದೆ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಇಬ್ಬರೂ ನೆಗೆಟಿವ್ ಬದಲಾಯಿಸಿಕೊಂಡೆವು. ನಾನು ಆಲ್ಬಮ್ಮಿನ ಎಡಗಡೆಯ ಪುಟದಲ್ಲಿ ಮದುಮಗಳನ್ನು, ಬಲಗಡೆಯ ಪುಟದಲ್ಲಿ ಮದುಮಗನನ್ನು ಎದುರುಬದುರು ಅಂಟಿಸಿ ಹೆಣ್ಣಿನ ಅಪ್ಪನ ಕೈಗೆ ಕೊಟ್ಟೆ.

ಅವರು ಎರಡೂ ಪುಟ ನೋಡಿದರು. ಆಲ್ಬಮ್ಮು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

"ಅಡ್ಡಿಲ್ಲೆ ಬಿಡು," ಅಂದರು. "ಆಲ್ಬಮ್ ಮುಚ್ಚಿದ್ರೆ ಧಾರೆ ಆಗ್ತು."

ಅರುಂಧತಿ

ಇದು ಯಲ್ಲಾಪುರದ ಕಡೆ, ಒಂದು ಕಲ್ಯಾಣ ಮಂಟಪದಲ್ಲಿ. ಮೇ ತಿಂಗಳ ನಡುಮಧ್ಯಾಹ್ನ. ಸಪ್ತಪದಿ ಮುಗಿದ ಮೇಲೆ ಮದುಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಆಕಾಶದಲ್ಲಿ ಅರುಂಧತಿ ನಕ್ಷತ್ರ ತೋರಿಸಬೇಕು. ಹಗಲಿನಲ್ಲಿ ನಕ್ಷತ್ರ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಭಟ್ಟರು ಬೆರಳು ತೋರಿಸುತ್ತಾರೆ, ಕಂಡಿತಾ ಅನ್ನುತ್ತಾರೆ, ಕಂಡಿತು ಅನ್ನಬೇಕು. ಆವತ್ತು ಅಂಗಳದ ಕಲ್ಲು ಕಾಲಿಟ್ಟರೆ ಸುಡುವ ಹಾಗಿತ್ತು. ವಯಸ್ಸಾದ ಭಟ್ಟರು ಬಾಗಿಲ ತನಕ ಹೋಗಿ ಒಂದು ಕಾಲು ಹೊರಗಿಟ್ಟು ತಕ್ಷಣ ಎಳೆದುಕೊಂಡರು. ಒಳಗಿಂದ ಕಂಡರೂ ಆಗುತ್ತದೆ ಅಂತ ತೀರ್ಮಾನಿಸಿ ಮಂಟಪದ ನಡುವೆಯೇ ನಿಂತು ಮೇಲೆ ಕೈ ತೋರಿಸಿದರು.

ಎಲ್ಲರ ಎತ್ತಿದ ಕೈಗಳೂ ಬರಲಿ ಅಂತ ನಾನು ನೆಲದ ಮೇಲೆ ಕೂತು ಕೆಳಗಿನಿಂದ ಮೇಲಕ್ಕೆ ಒಂದು ಫೋಟೊ ತೆಗೆದೆ. ಮುಖ ಸರಿಯಿದೆಯಾ, ಕಣ್ಣು ತೆರೆದಿದೆಯಾ ಅಂತ ನೋಡಿದೆನೇ ಹೊರತು ಮುಖದ ಹಿಂದೆ ಏನಿದೆ ಅಂತ ನೋಡಲಿಲ್ಲ. ಈ ಕಸುಬಿನವರೆಲ್ಲ ಮಾಡುವ ತಪ್ಪು ಇದು.

ಪ್ರಿಂಟು ಬಂದಾಗ ಭಾವ ನನಗಿಂತ ಮೊದಲು ನೋಡಿ ನೆಲಕ್ಕೆ ಕೂತುಬಿಟ್ಟ. ಮದುಮಕ್ಕಳು, ಅವರ ತಂದೆತಾಯಿ, ಭಟ್ಟರು, ಎಲ್ಲರೂ ಭಕ್ತಿಯಿಂದ ತಲೆಯೆತ್ತಿ ಕೈಮುಗಿದು ಸೀಲಿಂಗ್ ಫ್ಯಾನು ನೋಡುತ್ತಿದ್ದಾರೆ. ಅದೂ ಎಂಥ ಫ್ಯಾನು! ಆ ಹೊತ್ತಿಗೆ ಕರೆಂಟ್ ಹೋಗಿತ್ತು, ರೆಕ್ಕೆಗಳು ನಿಂತಿದ್ದವು. ನಮ್ಮ ಕಡೆಯ ಮಂಟಪಗಳಲ್ಲಿ ಫ್ಯಾನು ದಾನ ಕೊಟ್ಟವರ ಹೆಸರನ್ನು ರೆಕ್ಕೆಯ ಮೇಲೆ ಬಣ್ಣದಲ್ಲಿ ಬರೆಸುವ ರೂಢಿ ಇದೆ. ಆ ಹೆಸರು, ಊರು, ಎಲ್ಲ ಫೋಟೊದಲ್ಲಿ ಓದುವ ಹಾಗೆ ಬಂದಿತ್ತು.

ಬೈಗುಳ ತಿನ್ನುವುದಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಆಲ್ಬಮ್ಮು ತೆಗೆದುಕೊಂಡು ಹೋದೆ. ಮದುಮಗಳ ಅಪ್ಪನ ಮುಖ ಆ ಪುಟದಲ್ಲಿ ಕೆಂಪಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮದುಮಗಳ ಸೋದರಮಾವ ಕನ್ನಡಕ ಏರಿಸಿ ಫೋಟೊವನ್ನು ಕೈಗೆ ತೆಗೆದುಕೊಂಡರು. ಅವರ ಮುಖ ಅರಳಿತು. ಫ್ಯಾನು ಕೊಟ್ಟವರು ಅವರೇ.

"ಅರುಂಧತಿ ಕಾಣದ್ದೆ ಇದ್ರೂ ಅಡ್ಡಿಲ್ಲೆ," ಅಂದರು. "ಯನ್ನ ಹೆಸ್ರು ರಾಶಿ ಚೊಲೊ ಬೈಂದು."

ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಮ್ಮ ಮನೆಯ ಜಗಲಿಯಲ್ಲಿ ತೂಗುಹಾಕಿಕೊಂಡರು. ಅವರ ಮನೆಗೆ ಹೋದವರೆಲ್ಲ ಈಗಲೂ ತಲೆಯೆತ್ತಿ ಅದನ್ನು ನೋಡಬೇಕು.

ಅಳುವ ಫೋಟೊ

ದಾಸನಕೊಪ್ಪದ ಕಡೆ ಮದುವೆಗೆ ಹೋದರೆ ಮಾತು ಬೇರೆ, ಗದ್ದಲ ಬೇರೆ, ಊಟಕ್ಕೆ ಎಬ್ಬಿಸುವ ಬಗೆಯೇ ಬೇರೆ. "ಬರ್ರಿ, ಕುಂದರ್ರಿ, ಉಣ್ರಿ" ಅಂತ ಕೈ ಹಿಡಿದು ಎಳೆಯುತ್ತಾರೆ. ಹಾಗೆ ಎಳೆಸಿಕೊಂಡು ಉಣ್ಣುತ್ತಿದ್ದಾಗ ಹೊರಗೆ ಹೆಣ್ಣು ಒಪ್ಪಿಸುವುದು ಶುರುವಾಗಿದೆ. ನಾನು ಕೈ ತೊಳೆದು ಓಡಿ ಬಂದು ಕ್ಯಾಮೆರಾ ಎತ್ತಿದರೆ ರೀಲು ಮುಗಿದಿತ್ತು. ರೀಲು ಬದಲಾಯಿಸಿ ತಲೆ ಎತ್ತುವುದರೊಳಗೆ ಅಳು ಮುಗಿದು, ಮದುಮಗಳು ದಿಬ್ಬಣದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸುತ್ತಿದ್ದಳು. ಹೆಣ್ಣು ಒಪ್ಪಿಸುವ ಮುಂಚೆ ಹೊಸ ರೀಲು ಹಾಕಿಟ್ಟುಕೊಳ್ಳಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹೋಳಿಗೆಯ ಮುಂದೆ ಮರೆತುಹೋಗಿತ್ತು.

ಹುಡುಗಿಯ ದೊಡ್ಡವ್ವ ನನ್ನ ಮುಖ ನೋಡಿದ ಕೂಡಲೆ ವಿಷಯ ಹಿಡಿದುಬಿಟ್ಟಳು. ದೊಡ್ಡ ಹೆಂಗಸು, ದೊಡ್ಡ ದನಿ. ಹೊರಟ ಬಸ್ಸಿಗೆ ಅಡ್ಡ ನಿಂತಳು. ಅಳುವ ಫೋಟೊ ಇಲ್ಲದಿದ್ದರೆ ಹೆಣ್ಣಿನ ಮನೆಯವರಿಗೆ ಮಾಯೆ ಮಮತೆ ಇರಲಿಲ್ಲ ಅಂತ ಜನ ಆಡಿಕೊಳ್ಳುವುದಿಲ್ಲವಾ ಅಂತ ಕೇಳಿ ಮದುಮಗಳನ್ನು ಕೆಳಗಿಳಿಸಿದಳು. ಮದುಮಗಳ ಅವ್ವ, ಅಪ್ಪ, ಅಕ್ಕಂದಿರು, ಅತ್ತಿಗೆ, ಎಲ್ಲರನ್ನೂ ಮೊದಲು ನಿಂತಿದ್ದ ಹಾಗೆಯೇ ನಿಲ್ಲಿಸಿದಳು. ಭಾವ ಫ್ಲ್ಯಾಶ್ ಎತ್ತಿದ.

"ಹೂಂ, ಅಳ್ರಿ," ಅಂದಳು ದೊಡ್ಡವ್ವ.

ಯಾರಿಗೆ ಬರುತ್ತದೆ? ಆಗಲೇ ಅತ್ತು ಹಗುರಾಗಿದ್ದ ಜನ. ಮೊದಲು ಮದುಮಗಳ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಬಂತೆಂದು ನಾನು ಕ್ಯಾಮೆರಾ ಹಿಡಿದರೆ ಅವಳ ಭುಜ ಅಲುಗುತ್ತಿದ್ದದ್ದು ನಗುವಿಗೆ. ಅದು ಮಗಳಿಗೆ ತಾಗಿತು, ಅಲ್ಲಿಂದ ಅಪ್ಪನಿಗೆ, ಅಲ್ಲಿಂದ ಅತ್ತಿಗೆಯರಿಗೆ. ದೊಡ್ಡವ್ವ ಗದರಿದಷ್ಟೂ ನಗು ಜಾಸ್ತಿಯಾಯಿತು. ಕೊನೆಗೆ ದೊಡ್ಡವ್ವನೇ ನಕ್ಕಳು. ನಾನು ಒತ್ತಿದೆ. ಆ ಇಡೀ ಗುಂಪಿನಲ್ಲಿ ಕಣ್ಣೀರು ಬಂದದ್ದು ನಮ್ಮ ಭಾವನಿಗೊಬ್ಬನಿಗೆ. ಬಸ್ಸಿನ ಹೊಗೆ ಅಂತ ಹೇಳಿದ. ಬಸ್ಸಿನ ಹೊಗೆ ಆಚೆ ಕಡೆ ಹೋಗುತ್ತಿತ್ತು. ಇನ್ನೊಬ್ಬರ ಮನೆ ತುಂಬಿಸುವುದಕ್ಕೆ ಇಷ್ಟು ವರ್ಷ ಬೆಳಕು ಹಿಡಿದವನ ಹೊಟ್ಟೆಯಲ್ಲಿ ಏನಿತ್ತು ಅಂತ ನನಗೆ ಗೊತ್ತಿತ್ತು. ಪಾಪ ಅನಿಸಿತು.

ಫೋಟೊ ಬಹಳ ಚೆನ್ನಾಗಿ ಬಂತು. ಅಷ್ಟು ಜನ ಒಟ್ಟಿಗೆ ಅಷ್ಟು ಬಾಯ್ತುಂಬ ನಗುವ ಫೋಟೊ ನಾನು ಮತ್ತೆ ತೆಗೆದಿಲ್ಲ. ಕೆಳಗೆ ಯಾರೋ ಚೆಂದದ ಅಕ್ಷರದಲ್ಲಿ 'ಹೆಣ್ಣು ಒಪ್ಪಿಸಿದ್ದು' ಅಂತ ಬರೆದಿದ್ದರು. ಮದುಮಗನ ತಾಯಿ ಆಲ್ಬಮ್ಮಿನಲ್ಲಿ ಅದನ್ನು ಕಂಡು ಬೀಗರನ್ನು ಕರೆದು ತೋರಿಸಿದರಂತೆ.

"ಮಗಳನ್ನ ಕಳಸೂ ಮುಂದ ಇಷ್ಟ್ ಖುಷಿ ಆಗಿತ್ತಂದ್ರ," ಅಂದರಂತೆ, "ನಮಗ ಮೊದ್ಲ ಒಂದ್ ಮಾತ್ ಹೇಳಬೇಕಿತ್ರಿ."

ನಾಲ್ಕನೆಯವನು

ಮೂವರು ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಳ್ಳಬಾರದು ಅಂತ ನಮ್ಮ ಕಡೆ ಒಂದು ಹೆದರಿಕೆ ಇದೆ. ತೆಗೆಸಿಕೊಂಡರೆ ನಡುವಿನವರಿಗೆ ಕೇಡು ಅನ್ನುತ್ತಾರೆ. ಯಾರು ಹೇಳಿದ್ದು, ಎಲ್ಲಿ ಬರೆದಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಮದುವೆಯ ದಿನ ಸುಮ್ಮನೆ ಯಾಕೆ ಅಂತ ಎಲ್ಲರೂ ಪಾಲಿಸುತ್ತಾರೆ. ಮದುವೆ ಮನೆಯಲ್ಲೋ ಎಲ್ಲಿ ನೋಡಿದರೂ ಮೂರೇ. ಮದುಮಗಳು ಮತ್ತು ಅಪ್ಪ ಅಮ್ಮ ಮೂರು. ಮದುಮಕ್ಕಳ ಪಕ್ಕ ಒಬ್ಬ ಅಜ್ಜ ಬಂದು ನಿಂತರೂ ಮೂರು.

ನಾನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ ಕೂಡಲೆ ಯಾರಾದರೂ ಒಬ್ಬ ಹಿರಿಯರು ಕೂಗುತ್ತಿದ್ದರು, ಮೂರು ಜನ ಆಗುತ್ತದೆ, ಯಾರಾದರೂ ಒಬ್ಬರು ಬನ್ನಿ ಅಂತ. ಆ ಹೊತ್ತಿಗೆ ಮನೆಯವರೆಲ್ಲ ಪಂಕ್ತಿಯಲ್ಲಿ ಇರುತ್ತಿದ್ದರು. ಹತ್ತಿರ ಕೈಗೆ ಸಿಗುವವನು ಯಾರು? ನಮ್ಮ ಭಾವ. ಫ್ಲ್ಯಾಶನ್ನು ಕುರ್ಚಿಯ ಮೇಲಿಟ್ಟು ಹೋಗಿ ಖಾಲಿ ಇದ್ದ ಕಡೆ ನಿಲ್ಲುತ್ತಿದ್ದ. ಮೊದಮೊದಲು ಸಂಕೋಚಪಡುತ್ತಿದ್ದವನು ಆಮೇಲೆ ಪಳಗಿಬಿಟ್ಟ. ಕೂಗುವ ಮುಂಚೆಯೇ ತಲೆ ಎಣಿಸಿ, ಮೂರು ಕಂಡರೆ ತಾನೇ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದ. ಹೀಗೆ ವರ್ಷಗಳು ಕಳೆದು ಮೂರು ತಾಲೂಕಿನ ಆಲ್ಬಮ್ಮುಗಳಲ್ಲಿ ನಮ್ಮ ಭಾವ ಮನೆಯವನಾಗಿ ಕೂತುಬಿಟ್ಟ. ಇವನು ಯಾರೆಂದು ಯಾರಿಗೂ ತಿಳಿಯದು. ಹೆಣ್ಣಿನ ಕಡೆಯವರು ಗಂಡಿನ ಕಡೆಯವನು ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವನು ಅಂದುಕೊಂಡರು. ಶಿರಸಿ ಪೇಟೆಯಲ್ಲಿ ಗುರುತಿಲ್ಲದವರೂ ಅವನನ್ನು ನಿಲ್ಲಿಸಿ ಮನೆಕಡೆ ಎಲ್ಲ ಆರಾಮಾ ಅಂತ ಕೇಳುತ್ತಿದ್ದರು. ಅವನೂ ಆರಾಮು ಅನ್ನುತ್ತಿದ್ದ.

ಒಮ್ಮೆ ಯಲ್ಲಾಪುರದ ಹತ್ತಿರ ಒಂದು ಮನೆಗೆ ಮಗುವಿನ ನಾಮಕರಣದ ಫೋಟೊಕ್ಕೆ ಹೋದೆವು. ಅವರ ಮದುವೆಯ ಫೋಟೊ ತೆಗೆದವನೂ ನಾನೇ. ಆದರೆ ಫೋಟೊ ತೆಗೆದವನ ಮುಖ ಫೋಟೊದಲ್ಲಿ ಇರುವುದಿಲ್ಲವಲ್ಲ. ಮನೆಯವರು ಭಾವನನ್ನು ಕಂಡಕೂಡಲೆ ಬನ್ನಿ ಬನ್ನಿ ಅಂತ ಒಳಗೆ ಕರೆದು, ಮಣೆ ಹಾಕಿ, ಕಾಲಿಗೆ ನೀರು ಕೊಟ್ಟು, ಅತಿರಸದ ತಟ್ಟೆ ಮುಂದಿಟ್ಟರು. ನಾನು ಚೀಲ, ಸ್ಟ್ಯಾಂಡು, ಫ್ಲ್ಯಾಶು ಎಲ್ಲ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮನೆಯ ಯಜಮಾನರು ನನ್ನತ್ತ ನೋಡಿ, ಇವರು ಯಾರು ಅಂತ ಭಾವನನ್ನೇ ಕೇಳಿದರು.

ಭಾವ ಬಾಯಲ್ಲಿದ್ದ ಅತಿರಸ ನುಂಗಿ, ನನ್ನನ್ನು ಒಮ್ಮೆ ನೋಡಿ, ಹೇಳಿದ.

"ಅಂವ ಫೋಟೊ ತೆಗ್ಯವ. ಯನ್ನ ಜೊತಿಗೆ ಬೈಂದ."

ಚೀಲದ ತುಂಬ ಸಾಕ್ಷಿ

ಕೊನೆಗೂ ಹುಲಗೋಳದ ಕಡೆಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗಿ ಶಾಂತ, ಓದಿದವಳು. ಜಾತಕ ಹೊಂದಿತು. ಹುಡುಗಿಯ ಅಪ್ಪ, ಲೈಟು ಹಿಡಿಯುವುದೂ ಒಂದು ಕೆಲಸವೇ ತಾನೇ ಅಂದರು. ಅಷ್ಟು ಮಾತು ಕೇಳಿಯೇ ನನ್ನ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇನ್ನೇನು ನಿಶ್ಚಿತಾರ್ಥದ ದಿನ ಗೊತ್ತುಮಾಡಬೇಕು ಅನ್ನುವಾಗ ಅವರಿಂದ ಮಾತು ನಿಂತುಹೋಯಿತು.

ಫೋನು ಮಾಡಿದೆ. ಹುಡುಗಿಯ ಅಪ್ಪ ತಣ್ಣಗೆ, ಒಬ್ಬಳಿಗೆ ಅನ್ಯಾಯ ಮಾಡಿದ್ದು ಸಾಲದಾ ಅಂತ ಕೇಳಿ ಇಟ್ಟುಬಿಟ್ಟರು. ಮನೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಭಾವ ಮಾತ್ರ ಏನೂ ಆಗದವನ ಹಾಗೆ ಫ್ಲ್ಯಾಶಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಇದೂ ತಪ್ಪಿದರೆ ಇನ್ನು ಅವನು ಹೆಣ್ಣು ನೋಡಲು ಒಪ್ಪುವುದಿಲ್ಲ ಅಂತ ನಮಗಿಬ್ಬರಿಗೂ ಗೊತ್ತಿತ್ತು.

ಸಂಬಂಧ ತಂದ ಮಧ್ಯಸ್ಥರನ್ನು ಹಿಡಿದು ವಿಚಾರಿಸಿದಾಗ ಕಥೆ ಹೊರಬಿತ್ತು. ಹುಡುಗಿಯ ಅಪ್ಪ ಯಾವುದೋ ಕೆಲಸಕ್ಕೆ ವಾನಳ್ಳಿಯ ಒಂದು ಮನೆಗೆ ಹೋಗಿದ್ದರಂತೆ. ಅಲ್ಲಿಯ ಗೋಡೆಯ ಮೇಲೆ ಒಂದು ಮದುವೆಯ ಫೋಟೊ. ಮನೆಯ ಮಗಳು ಮದುಮಗಳಾಗಿ ನಿಂತಿದ್ದಾಳೆ. ಒಂದು ಪಕ್ಕಕ್ಕೆ ಅಪ್ಪ ಅಮ್ಮ. ಇನ್ನೊಂದು ಪಕ್ಕಕ್ಕೆ, ಕೊರಳಲ್ಲಿ ಹಾರ ಹಾಕಿಕೊಂಡು, ನಮ್ಮ ಭಾವ.

ನನಗೆ ತಕ್ಷಣ ನೆನಪಾಯಿತು. ಆವತ್ತು ಮದುಮಗ ಕೈಕಾಲು ತೊಳೆಯಲು ಹೋಗುವಾಗ ತನ್ನ ಹಾರ ತೆಗೆದು ಭಾವನ ಕೊರಳಿಗೆ ಹಾಕಿ ಹೋಗಿದ್ದ. ಭಾವನ ಎರಡು ಕೈಯಲ್ಲೂ ಸಾಮಾನಿತ್ತಲ್ಲ. ಅಷ್ಟರಲ್ಲಿ ಮದುಮಗಳು, ಅಪ್ಪ, ಅಮ್ಮ, ಮೂವರಾದರು. ಭಾವ ಕೈಯ ಸಾಮಾನು ಕೆಳಗಿಟ್ಟು ಹೋಗಿ ನಿಂತ. ಹಾರ ಮರೆತ. ನಾನು ಕಣ್ಣು ತೆರೆದಿದೆಯಾ ಅಂತ ನೋಡಿದೆ, ಎಲ್ಲರದೂ ತೆರೆದಿತ್ತು. ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿ ಬಿದ್ದದ್ದು ಅದೊಂದೇ ಫೋಟೊದಲ್ಲಿ ಅಂತ ಆ ಮನೆಯವರು ಅದನ್ನೇ ಗೋಡೆಗೆ ಹಾಕಿಕೊಂಡಿದ್ದರು.

ಹುಲಗೋಳದವರು ಇದು ಯಾರು ಅಂತ ಒಂದು ಮಾತು ನೇರವಾಗಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಮರ್ಯಾದಸ್ಥರು, ಕೇಳಲಿಲ್ಲ. ಮಗಳು ಹೇಗಿದ್ದಾಳೆ ಅಂತ ಮೆಲ್ಲಗೆ ತೆಗೆದರಂತೆ. ಬಾಣಂತನಕ್ಕೆ ಇಲ್ಲೇ ಬಂದಿದ್ದಾಳೆ, ಅಳಿಯ ಈ ಕಡೆ ತಲೆ ಹಾಕದೆ ಬಹಳ ದಿನವಾಯಿತು ಅಂತ ಅವರು ನಿಟ್ಟುಸಿರು ಬಿಟ್ಟರು. ಅವರ ಅಳಿಯ ಮಿಲಿಟರಿಯಲ್ಲಿ, ರಜೆ ಸಿಕ್ಕಿರಲಿಲ್ಲ, ಅಷ್ಟೇ. ತುಂಬಿದ ಬಸುರಿಯನ್ನು ತವರಿನಲ್ಲಿ ಬಿಟ್ಟು ಇನ್ನೊಂದು ಮದುವೆಗೆ ಹೊರಟ ಖದೀಮ ಅಂತ ಇವರು ತೀರ್ಮಾನ ಮಾಡಿಕೊಂಡು ಬಂದರು.

ವಾನಳ್ಳಿಯವರನ್ನೇ ಕರೆದುಕೊಂಡು ಹೋಗಿ ಹೇಳಿಸಬಹುದಿತ್ತು. ಬಾಣಂತನದ ಗಡಿಬಿಡಿಯಲ್ಲಿ ಇದ್ದವರನ್ನು ಹೇಗೆ ಕರೆಯುವುದು ಅಂತ ಸಂಕೋಚ ಒಂದು. ಫೋಟೊದಿಂದ ಬಂದ ಆಪತ್ತನ್ನು ಫೋಟೊದಿಂದಲೇ ಕಳೆಯುತ್ತೇನೆ ಅನ್ನುವ ನನ್ನ ಜಂಬ ಇನ್ನೊಂದು. ಭಾವ ಎಲ್ಲ ಮದುವೆಯಲ್ಲೂ ಹೀಗೆ ನಾಲ್ಕನೆಯವನಾಗಿ ನಿಲ್ಲುತ್ತಾನೆ ಅಂತ ತೋರಿಸಿದರೆ ಆಯಿತಲ್ಲ? ಗುರುತಿನವರ ಮನೆ ಮನೆ ತಿರುಗಿ ಆಲ್ಬಮ್ಮು ಬೇಡಿ ತಂದು ದೊಡ್ಡ ಚೀಲ ತುಂಬಿದೆ. ಹುಡುಕುವುದಕ್ಕೆ ತಡವಾಗಬಾರದೆಂದು ಭಾವ ಇರುವ ಪುಟಗಳಿಗೆಲ್ಲ ಕಾಗದದ ಚೂರು ಸಿಕ್ಕಿಸಿಟ್ಟೆ. ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಾ ಅಂತ ಭಾವನಿಗೆ ಹೇಳಿ ಹುಲಗೋಳಕ್ಕೆ ಹೊರಟೆ.

ಬಾಗಿಲಲ್ಲಿ ನಮ್ಮನ್ನು ಕಂಡ ಹುಡುಗಿಯ ಅಪ್ಪನಿಗೆ ಬನ್ನಿ ಅನ್ನಲೂ ಆಗಲಿಲ್ಲ, ಹೋಗಿ ಅನ್ನಲೂ ಆಗಲಿಲ್ಲ. ಜಗಲಿಯ ಮಂಚದ ಮೇಲೆ ಹುಡುಗಿಯ ಅಜ್ಜಿ ಕೂತಿದ್ದರು. ಹುಡುಗಿ ಒಳಬಾಗಿಲ ಹಿಂದೆ ಇದ್ದಾಳೆ ಅಂತ ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ನಾನು ಮೂವರ ಫೋಟೊದ ವಿಷಯ ವಿವರಿಸಿ ಮೊದಲನೆಯ ಆಲ್ಬಮ್ಮು ತೆರೆದೆ. ಮದುಮಗಳ ಪಕ್ಕ ಭಾವ. ಎರಡನೆಯದು ತೆರೆದೆ. ಬೇರೆ ಮದುಮಗಳು, ಪಕ್ಕ ಅದೇ ಭಾವ. ಸಿದ್ದಾಪುರದ ಮದುಮಗಳು, ಯಲ್ಲಾಪುರದ ಮದುಮಗಳು, ಶಿರಸಿಯ ಮದುಮಗಳು. ನಾನು ಕಾಗದದ ಚೂರು ಇದ್ದ ಪುಟಗಳನ್ನಷ್ಟೇ ಸರಸರ ತೆಗೆಯುತ್ತಿದ್ದುದರಿಂದ ಅಸಲಿ ಮದುಮಗಂದಿರು ಯಾರಿಗೂ ಕಾಣಲಿಲ್ಲ. ಸಾಕ್ಷಿ ಹೆಚ್ಚಾದ ಹಾಗೆ ಹುಡುಗಿಯ ಅಪ್ಪನ ಹುಬ್ಬು ಮೇಲೇರುತ್ತ ಹೋಯಿತು. ವಾನಳ್ಳಿಯ ಒಂದು ಮದುವೆಯ ಗುಮಾನಿ ತೆಗೆಯಲು ಬಂದವನು ಮೂರು ತಾಲೂಕಿನ ಗುಮಾನಿ ಅವನ ತಲೆಗೆ ಕಟ್ಟುತ್ತಿದ್ದೇನೆ ಅಂತ ಆಗ ಹೊಳೆಯಿತು. ಭಾವ ತಲೆ ತಗ್ಗಿಸಿ ಕೂತಿದ್ದ. ಕಿವಿ ಕೆಂಪಾಗಿತ್ತು.

"ಎಲ್ಲಾ ಮದುವೆಲ್ಲೂ ಮದುಮಗಳ ಪಕ್ಕ ಇಂವಂಗೆ ಎಂತ ಕೆಲಸ?" ಅಂದರು ಹುಡುಗಿಯ ಅಪ್ಪ.

ಅಷ್ಟರಲ್ಲಿ ಅಜ್ಜಿ ಕೈಚಾಚಿ ಆಲ್ಬಮ್ಮುಗಳನ್ನು ತಮ್ಮ ಬಳಿಗೆ ತರಿಸಿಕೊಂಡರು. ದಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಭಾವನನ್ನು ನೋಡಿದರು, ಮತ್ತೆ ಹಾಕಿಕೊಂಡು ಫೋಟೊ ನೋಡಿದರು.

"ಇಂವಂಗೆ ಮದುವೆ ಆಯ್ದಿಲ್ಲೆ," ಅಂದರು. "ಎಲ್ಲಾ ಫೋಟೊದಲ್ಲೂ ಇದೇ ಗೀಟಿನ ಅಂಗಿ. ಇವತ್ತೂ ಅದನ್ನೇ ಹಾಕ್ಯಂಡು ಬೈಂದ. ಒಂದು ಮದುವೆ ಆಗಿದ್ರೂ ಮಾವನ ಮನೆಯಿಂದ ಒಂದು ಹೊಸ ಅಂಗಿ ಬತ್ತಿತ್ತು."

ಎಲ್ಲರೂ ಭಾವನ ಅಂಗಿ ನೋಡಿದೆವು. ನೀಲಿ ಗೀಟಿನದು. ಆಲ್ಬಮ್ಮಿನಲ್ಲಿ ಹೊಸದಾಗಿ, ಆಮೇಲೆ ಮಾಸಿ, ಆಮೇಲೆ ಕಾಲರ್ ಸವೆದು, ವರ್ಷ ವರ್ಷವೂ ಅದೇ. ಹುಡುಗಿಯ ಅಪ್ಪ ಅಂಗಿಯನ್ನೂ ಫೋಟೊವನ್ನೂ ಎರಡೆರಡು ಸಲ ನೋಡಿದರು. ಅವರ ಹುಬ್ಬು ಕೆಳಗಿಳಿಯಿತು. ಮೀಸೆಯ ಕೆಳಗೆ ನಗು ತಡೆಯುತ್ತಿದ್ದದ್ದು ಕಾಣಿಸಿತು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಧಾರೆಯ ಫೋಟೊ ಸರಿ ಬಂದ ಎಲ್ಲ ದಿನಗಳ ನೆಮ್ಮದಿ ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ. ಇನ್ನು ಭಾವ ಸುಮ್ಮನೆ ಕೂತರೆ ಸಾಕು ಅಂದುಕೊಂಡೆ.

ಅವನು ತಲೆ ಎತ್ತಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ.

"ಒಂದೇ ಅಲ್ಲ ಅಜ್ಜಿ," ಅಂದ. "ಇಂಥದ್ದೇ ಎರಡು ಇದ್ದು."

ನಾನು ಅವನ ತೊಡೆ ಚಿವುಟಿದೆ. ಒಳಬಾಗಿಲ ಹಿಂದೆ ಬಳೆ ಸದ್ದಾಯಿತು, ಆಮೇಲೆ ತಡೆದಷ್ಟೂ ತಡೆಯದ ಒಂದು ನಗು. ನಗು ನಿಂತ ಮೇಲೆ ಹುಡುಗಿಯ ದನಿ ನಮಗೆ ಮೊದಲ ಸಲ ಕೇಳಿಸಿತು.

"ಮದುವೆ ದಿನ ಆ ಎರಡೂ ಅಂಗಿ ಬ್ಯಾಡ ಹೇಳು ಅಪ್ಪಯ್ಯ."